ಬೆಳಿಗ್ಗೆ ಒಂದು, ಸಂಜೆ ಇನ್ನೊಂದು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಧ್ಯಾನದ ಬಗ್ಗೆ ಸಲಹೆ ಕೇಳಿ ನನ್ನ ಬಳಿ ಬಂದವರು 46ರ ಹೆಣ್ಣುಮಗಳು. ಬ್ಯಾಂಕಿನಲ್ಲಿ ಕೆಲಸ, ಲಿಂಗಾಯತ ಮನೆತನ. ಗಂಡ ತೀರಿಕೊಂಡು 2 ವರ್ಷ. "ಯಾವ ದಾರಿ ಸರಿ ಹೇಳಿ ಮೇಡಂ, ಅದನ್ನೇ ಹಿಡಿಯುತ್ತೇನೆ" ಎಂದರು. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಎಡಪುಟದಲ್ಲಿ "ಉಸಿರು ಹಿಡಿಯಬೇಕು" ಎಂದಿತ್ತು. ಬಲಪುಟದಲ್ಲಿ "ಉಸಿರನ್ನು ಸುಮ್ನೆ ನೋಡಬೇಕು". ನಡುವೆ ಕೆಂಪು ಪೆನ್ನಿನ ಪ್ರಶ್ನಾರ್ಥಕ ಚಿಹ್ನೆ, ಕಾಗದ ಹರಿಯುವಷ್ಟು ಒತ್ತಿ ಬರೆದದ್ದು.

ಎರಡೂ ಸುಳ್ಳಲ್ಲ. ಪ್ರಾಣಾಯಾಮದಲ್ಲಿ ಉಸಿರನ್ನು ಹದಕ್ಕೆ ತರುತ್ತಾರೆ, ವಿಪಶ್ಯನ ಧ್ಯಾನದಲ್ಲಿ ಬಂದ ಹಾಗೆ ಗಮನಿಸುತ್ತಾರೆ. ವಿಪಶ್ಯನದ 10 ದಿನದ ಶಿಬಿರದಲ್ಲಿ ಜಪ, ಪೂಜೆ ಎಲ್ಲ ಬದಿಗಿಡಿ ಅನ್ನುತ್ತಾರೆ. ಇವರು ಎರಡನ್ನೂ ಒಂದೇ ಬೆಳಿಗ್ಗೆ ಮಾಡುತ್ತಿದ್ದರು. ಸಂಜೆ ಫೋನಿನಲ್ಲಿ ಪ್ರವಚನ ಬೇರೆ.

ನನಗೆ ಆತಂಕವಾದದ್ದು ಇನ್ನೊಂದಕ್ಕೆ. ಒಬ್ಬ ಗುರುಗಳ ಮಾತು ಕೇಳಿ ಥೈರಾಯ್ಡ್ ಮಾತ್ರೆ ನಿಲ್ಲಿಸಿದ್ದರು. ರಾತ್ರಿ ನಿದ್ದೆ ಇರಲಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ ಎಂದೆ. ಮಾತ್ರೆ ಬಿಡಿಸುವ ಗುರು ಎಷ್ಟೇ ದೊಡ್ಡವರಿರಲಿ, ಈ ವಿಷಯದಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ.

ದಾರಿ ಆರಿಸಿಕೊಡುವುದು ನನ್ನ ಕೆಲಸವಲ್ಲ. "ಇದೆಲ್ಲ ಶುರುವಾಗುವ ಮುಂಚೆ ಮನಸ್ಸು ಎಲ್ಲಿ ನಿಂತಿತ್ತು?" ಎಂದು ಕೇಳಿದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ ಮಾತಿನಲ್ಲಿ ಅಜ್ಜಿ ಬಂದರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂರುತ್ತಿದ್ದ ಅಜ್ಜಿ. ಪಕ್ಕದಲ್ಲಿ ಪುಟ್ಟ ಹುಡುಗಿಯಾಗಿ ಇವರು. ಇಷ್ಟಲಿಂಗ ಇಡುವ ಇವರ ಕರಡಿಗೆ ಈಗ ಬೀರುವಿನಲ್ಲಿ, ಹಳೇ ಚಾರ್ಜರ್ ವೈರುಗಳ ಜೊತೆ ಇದೆಯಂತೆ. ಇದನ್ನು ಹೇಳುವಾಗ ಅವರ ಎಡಗೈ ಮಡಿಲಲ್ಲಿ ತಾನಾಗಿಯೇ ಬಿಚ್ಚಿಕೊಂಡಿತ್ತು.

"ಮತ್ತೆ ಅಲ್ಲಿಗೇ ಹೋದರೆ ಕಲಿತದ್ದೆಲ್ಲ ದಂಡ ಅಲ್ವಾ?" ಎಂದರು. ರಾಮಕೃಷ್ಣ ಪರಮಹಂಸರೂ ಹಲವು ದಾರಿ ತುಳಿದವರೇ. ಆದರೆ 1866ರಲ್ಲಿ ಇಸ್ಲಾಂ ಸಾಧನೆಯಲ್ಲಿದ್ದಷ್ಟು ದಿನ ಕಾಳಿಯ ಗುಡಿಯ ಕಡೆಗೂ ಹೋಗಲಿಲ್ಲ. ಒಂದು ಸಲಕ್ಕೆ ಒಂದೇ ದಾರಿ, ಅದನ್ನು ಹೇಳಿದೆ.

ಕೊಟ್ಟ ಸಲಹೆ ಇಷ್ಟು. 3 ತಿಂಗಳು, ದಿನಾ 20 ನಿಮಿಷ, ಯಾವುದಾದರೂ ಒಂದೇ. ವಿಡಿಯೊ ಬೇಡ. ನೋಟ್‌ಬುಕ್‌ನಲ್ಲಿ ಧ್ಯಾನದ ಅನುಭವ ಬರೆಯಬೇಡಿ. ಎಷ್ಟು ಗಂಟೆ ನಿದ್ದೆ ಬಂತು, ಅತ್ತೆಯ ಮೇಲೆ ಎಷ್ಟು ಸಲ ರೇಗಿದಿರಿ, ಅದನ್ನು ಬರೆಯಿರಿ. ಹಿಡಿಸದಿದ್ದರೆ ಆಮೇಲೆ ಬಿಡಬಹುದು, ಅದೇನೂ ತಪ್ಪಲ್ಲ. ಅವರು ಕರಡಿಗೆಯನ್ನೇ ಆರಿಸಿಕೊಂಡರು.

ಆರನೇ ವಾರ ಬಂದಾಗ "ಬೆಳಕು ಗಿಳಕು ಏನೂ ಕಾಣಲಿಲ್ಲ ಮೇಡಂ, ಕೈ ನೋಯುತ್ತೆ" ಎಂದರು. ಮೊಣಕೈ ತೊಡೆಗೆ ಆನಿಸಿಕೊಳ್ಳಿ ಎಂದೆ. ಮಾತ್ರೆ ಮತ್ತೆ ಶುರುವಾಗಿತ್ತು, 5 ಗಂಟೆ ನಿದ್ದೆ ಬರುತ್ತಿತ್ತು. ಆವತ್ತು ಉಳಿದ ಹೊತ್ತೆಲ್ಲ ಗಂಡನ ಬಗ್ಗೆಯೇ ಮಾತಾಡಿದರು. 4 ಭೇಟಿಗಳಲ್ಲಿ ಅದೇ ಮೊದಲು.