ಓದುಗರ ಪ್ರಶ್ನೆ: ಪಕ್ಷಪಾತವಿಲ್ಲದ ರಾಜಕೀಯ ಸುದ್ದಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಸಂಪಾದಕರಿಗೆ ಶರಣು. ನಾನು ನಿವೃತ್ತ ಶಿಕ್ಷಕ. ಮನೆಗೆ ಒಂದು ಪತ್ರಿಕೆ ಬರುತ್ತದೆ, ಮತ್ತೊಂದನ್ನು ಗ್ರಂಥಾಲಯದಲ್ಲಿ ಓದುತ್ತೇನೆ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಯ ಬಗ್ಗೆ ಒಂದನ್ನು ಓದಿದರೆ ಎಲ್ಲವೂ ಆಗಿಬಿಟ್ಟಿದೆ ಎನಿಸುತ್ತದೆ, ಇನ್ನೊಂದನ್ನು ಓದಿದರೆ ಏನೂ ಆಗಿಲ್ಲ ಎನಿಸುತ್ತದೆ. ಯೂಟ್ಯೂಬ್‌ನಲ್ಲಿ ಗದ್ದಲವೇ ಹೆಚ್ಚು. ಎರಡೂ ಕಡೆಯನ್ನು ಸಮನಾಗಿ ಹೇಳುವ ಮೂಲ ಯಾವುದು, ದಯವಿಟ್ಟು ತಿಳಿಸಬೇಕು.
— ಒಬ್ಬ ಓದುಗರು, ಸೇಡಂ

ಉತ್ತರ: ಇಂಥದ್ದನ್ನು ಓದಿ ಎಂದು ಒಂದೇ ಹೆಸರು ಹೇಳುವುದು ನಮ್ಮಿಂದಾಗದು, ನಮ್ಮ ಪತ್ರಿಕೆಯ ಹೆಸರನ್ನೂ ಹೇಳಲಾರೆವು. ಎರಡೂ ಕಡೆಗೆ ಸಮಾನ ಜಾಗ ಕೊಟ್ಟ ಮಾತ್ರಕ್ಕೆ ಸುದ್ದಿ ಸರಿಯಾಗುತ್ತದೆ ಎಂದೇನೂ ಇಲ್ಲ. ಟಿ.ವಿ. ಚರ್ಚೆಯಲ್ಲಿ ಎಲ್ಲ ಪಕ್ಷದ ವಕ್ತಾರರೂ ಕುಳಿತಿರುತ್ತಾರೆ, ಆದರೆ ಚರ್ಚೆಗೆ ಬಂದ ಮಸೂದೆಯನ್ನು ಓದಿ ಬಂದವರು ಎಷ್ಟು ಮಂದಿ ಎಂಬ ಅನುಮಾನ ನೋಡುವವರಿಗೆ ಬಾರದೆ ಇರದು. ಆದ್ದರಿಂದ ಪತ್ರಿಕೆ ನಡುವೆ ನಿಂತಿದೆಯೇ ಎಂದು ನೋಡುವುದಕ್ಕಿಂತ, ತಾನು ಕೊಟ್ಟ ಅಂಕಿಯನ್ನು ಎಲ್ಲಿಂದ ತಂದಿತೆಂದು ಹೇಳುತ್ತದೆಯೇ ಎಂದು ನೋಡುವುದು ಲೇಸು.

ನೀವು ಎತ್ತಿದ ವಿಷಯವನ್ನೇ ತೆಗೆದುಕೊಳ್ಳೋಣ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ರಾಜ್ಯ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಘೋಷಣೆಯಾದದ್ದು ಒಂದು ಮೊತ್ತ, ಬಿಡುಗಡೆಯಾಗುವುದು ಇನ್ನೊಂದು, ವರ್ಷದ ಕೊನೆಗೆ ಖರ್ಚಾಗುವುದು ಮತ್ತೊಂದು. ಆಡಳಿತ ಪಕ್ಷದವರು ಮೊದಲನೆಯದನ್ನು ಹಿಡಿದು ಮಾತನಾಡುತ್ತಾರೆ, ವಿರೋಧ ಪಕ್ಷದವರು ಕೊನೆಯದನ್ನು. ಸರ್ಕಾರ ಬದಲಾದರೆ ಅದೇ ಜನ ಅಂಕಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನೀವು ಓದಿದ ಎರಡು ಪತ್ರಿಕೆಗಳೂ ಸುಳ್ಳು ಬರೆದಿರಲಿಕ್ಕಿಲ್ಲ, ಬೇರೆ ಬೇರೆ ಸಾಲಿನ ಲೆಕ್ಕವನ್ನು ಬರೆದಿರಬಹುದು. ಮೂರು ಮೊತ್ತವನ್ನೂ ಒಂದೇ ವರದಿಯಲ್ಲಿ ಕೊಟ್ಟ ವರದಿಗಾರರು ಸಿಕ್ಕರೆ, ಅವರು ಯಾವ ಪತ್ರಿಕೆಯಲ್ಲೇ ಇರಲಿ, ಅವರ ಹೆಸರನ್ನು ನೆನಪಿಟ್ಟುಕೊಳ್ಳಿ. ನಮ್ಮ ಅನುಭವದಲ್ಲಿ ಇಂಥವರು ಬೆಂಗಳೂರಿನ ಅಂಕಣಗಳಿಗಿಂತ ಜಿಲ್ಲಾ ಪುಟಗಳಲ್ಲೇ ಹೆಚ್ಚು.

ಆ ಮೊತ್ತಗಳನ್ನು ನೀವೇ ನೋಡಬೇಕೆಂದರೆ ದಾರಿಯಿದೆ. ವಿಧಾನಸಭೆಯಲ್ಲಿ ಶಾಸಕರು ಕೇಳುವ ಚುಕ್ಕೆ ಗುರುತಿನ ಮತ್ತು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಸಚಿವರು ಕೊಡುವ ಲಿಖಿತ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಕನ್ನಡದಲ್ಲಿಯೇ ಸಿಗುತ್ತವೆ. ವೇದಿಕೆಯ ಭಾಷಣದಲ್ಲಿ ಏನು ಹೇಳಿದರೂ ನಡೆದೀತು, ಆದರೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ ಮಾತು ಏಳುವುದರಿಂದ ಅಲ್ಲಿ ಅಂಕಿಗಳನ್ನು ಎಚ್ಚರದಿಂದ ಬರೆಯುತ್ತಾರೆ. ಹಣ ಹೇಗೆ ಖರ್ಚಾಯಿತು ಎಂಬುದಕ್ಕೆ ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಸಿಎಜಿಯ ವರದಿಗಳಿವೆ. ಅವು ತಡವಾಗಿ ಬರುತ್ತವೆ ಎಂಬುದೇ ದೋಷ. ರೈಲ್ವೆಗೆ ಬಂದರೆ, 1990ರ ದಶಕದ ಕೊನೆಯಲ್ಲಿ ಮಂಜೂರಾಗಿ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಬೀದರ್–ಕಲಬುರಗಿ ಮಾರ್ಗವನ್ನು ತಂದವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಯಾವ ಮಾರ್ಗಕ್ಕೆ ಯಾವ ವರ್ಷ ಎಷ್ಟು ಹಣ ಇಟ್ಟರೆಂಬುದು ಬಜೆಟ್ ಜೊತೆಗೆ ರೈಲ್ವೆ ಇಲಾಖೆ ಹೊರತರುವ ಪಿಂಕ್ ಬುಕ್ ಎಂಬ ದಾಖಲೆಯಲ್ಲಿ ಇರುತ್ತದೆ. ಅದನ್ನು ಮುಂದಿಟ್ಟುಕೊಂಡರೆ ಇಂಥ ಜಗಳದ ಅರ್ಧ ತಾನಾಗಿ ಬಗೆಹರಿಯುತ್ತದೆ. ಅಭ್ಯರ್ಥಿಗಳ ಆಸ್ತಿ ಮತ್ತು ಮೊಕದ್ದಮೆಗಳ ವಿಷಯದಲ್ಲಿ ಚುನಾವಣಾ ಆಯೋಗಕ್ಕೆ ಅವರೇ ಸಲ್ಲಿಸಿದ ಪ್ರಮಾಣಪತ್ರ ಸಾಕು.

ವಿಶ್ಲೇಷಣೆಯ ಮಾತು ಬೇರೆ. ವಿಶ್ಲೇಷಕರಿಗೆ ಒಲವು ಇದ್ದೇ ಇರುತ್ತದೆ, ಇರಲಿ ಬಿಡಿ. ತಮ್ಮ ಒಲವಿನ ಪಕ್ಷ ತಪ್ಪಿದಾಗ ಅವರು ಏನು ಬರೆದರು ಎಂದು ಹಿಂದಿನ ಬರಹಗಳನ್ನು ತೆಗೆದು ನೋಡಿ. ಚುನಾವಣೆಯ ಹೊತ್ತಿನಲ್ಲಂತೂ ಹೊಗಳಿಕೆಯ ವರದಿಗಳನ್ನು ಅನುಮಾನದಿಂದಲೇ ಓದಬೇಕು. ಕಾಸಿಗಾಗಿ ಸುದ್ದಿಯ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲೂ ಸಮಿತಿ ರಚಿಸುವಷ್ಟು ಆ ಪಿಡುಗು ಬೆಳೆದಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಪತ್ರಿಕೆಗಳನ್ನು ಓದುತ್ತೇವೆ. ಇದರಿಂದ ಗೊಂದಲವೇ ಹೆಚ್ಚಾಗುತ್ತದೆಯೇ?
— ಒಬ್ಬ ಓದುಗರು, ಭಾಲ್ಕಿ

ಉತ್ತರ: ಕರ್ನಾಟಕ–ಮಹಾರಾಷ್ಟ್ರ ಗಡಿ ವಿಷಯದಲ್ಲಿ ನಿಮಗೆ ಸಿಕ್ಕ ಅನುಕೂಲ ಬೆಂಗಳೂರಿನ ಓದುಗರಿಗೂ ಇಲ್ಲ. ಈ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯ ಪ್ರಸ್ತಾಪ ಬಂದಾಗಲೆಲ್ಲ ಮರಾಠಿ ಪತ್ರಿಕೆಗಳು ಬೆಳಗಾವಿ ಮತ್ತು ಬೀದರ್ ಕಡೆಯ ಮರಾಠಿ ಭಾಷಿಕರ ಊರುಗಳ ಬಗ್ಗೆ ಬರೆಯುತ್ತವೆ, ಕನ್ನಡ ಪತ್ರಿಕೆಗಳು ಮಹಾರಾಷ್ಟ್ರದಲ್ಲಿರುವ ಅಕ್ಕಲಕೋಟೆ ಮತ್ತು ಜತ್ತದ ಬಗ್ಗೆ ಬರೆಯುತ್ತವೆ. ಒಂದು ಬಿಟ್ಟದ್ದು ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಬಿಡಬೇಡಿ.