ಅಣ್ಣನ ಬಲಗೈ, ಡಿಎನ್‌ಎ ರಿಪೋರ್ಟು, ರಾಗಿಮುದ್ದೆ

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಮದ್ದೂರು ಹತ್ರ ಒಂದ್ ಹಳ್ಳಿ. ನಮ್ಮಣ್ಣಂಗೆ 34 ವರ್ಷ, ನಾಲ್ಕ್ ತಿಂಗ್ಳ ಹಿಂದೆ ರಾತ್ರಿ ಹೊತ್ತು ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿ ತಲೆಗೆ ಪೆಟ್ಟಾಯ್ತು. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ ಅಂತ ಆಪರೇಷನ್ ಮಾಡಿದ್ರು. ಈಗ ಗೋಡೆ ಹಿಡ್ಕೊಂಡು ನಡೀತಾನೆ, ಬಲಗೈ ಮಾತ್ರ ಆಗಲ್ಲ, ಬೆರಳು ಚೂರು ಬಿಚ್ತಾನೆ ಅಷ್ಟೆ. ಊಟ ಅತ್ತಿಗೇನೇ ತಿನ್ನಿಸ್ತಾರೆ. ಪಕ್ಕದ್ ಬೆಡ್ಡಲ್ಲಿ ಇದೇ ಥರ ಪೆಟ್ಟಾಗಿದ್ದ ಹುಡುಗ ಆಗ್ಲೇ ಗದ್ದೆ ಕೆಲ್ಸಕ್ಕೆ ಹೋಯ್ತಾವ್ನಂತೆ! ನಮ್ ಭಾವ ‘ಇದೆಲ್ಲ ಜೀನಲ್ಲೇ ಇರ್ತದೆ ಕಣ್ಲಾ, ಉಗುಳು ಕಳ್ಸುದ್ರೆ ರಿಪೋರ್ಟ್ ಕೊಡ್ತಾರೆ, 14 ಸಾವ್ರ’ ಅಂತಾರೆ. ಮಾಡಿಸ್ಲಾ?

ಉತ್ತರ: ಆ 14 ಸಾವಿರ ಜೇಬಲ್ಲೇ ಇರ್ಲಿ, ಫಿಸಿಯೋಥೆರಪಿಗೆ ಬೇಕಾಗುತ್ತೆ.

ಹಾಗಂತ ನಿಮ್ ಭಾವ ಪೂರ್ತಿ ಸುಳ್ಳೇನೂ ಹೇಳ್ತಿಲ್ಲ. ಬಿಡಿಎನ್‌ಎಫ್ ಅಂತ ಒಂದು ಪ್ರೋಟೀನ್ ಇದೆ, ಮೆದುಳಿನ ಕೋಶಗಳು ಹೊಸ ಸಂಪರ್ಕ ಬೆಳೆಸ್ಕೊಳ್ಳೋಕೆ ಇದು ಗೊಬ್ಬರ ಇದ್ದಂಗೆ, ಇದರ ಜೀನ್ ಇರೋದು 11ನೇ ಕ್ರೋಮೋಸೋಮಲ್ಲಿ. ಈ ಪ್ರೋಟೀನಿನ 66ನೇ ಜಾಗದಲ್ಲಿ ವ್ಯಾಲೀನ್ ಅನ್ನೋ ಅಮೈನೋ ಆಮ್ಲ (ಪ್ರೋಟೀನ್ ಕಟ್ಟೋ ಇಟ್ಟಿಗೆ) ಇರ್ಬೇಕಾದ ಕಡೆ ಕೆಲವರಿಗೆ ಮೆಥಿಯೋನಿನ್ ಅನ್ನೋ ಬೇರೆ ಇಟ್ಟಿಗೆ ಇರುತ್ತೆ, ಅಂಥೋರಲ್ಲಿ ಗೊಬ್ಬರ ಸ್ವಲ್ಪ ಕಮ್ಮಿ ಬಿಡುಗಡೆ ಆಗುತ್ತೆ. 2006ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿರೋ ಜನರಿಗೇ ಬೆರಳಿನ ಅಭ್ಯಾಸ ಮಾಡಿಸಿ ನೋಡಿದಾಗ, ಬೆರಳು ಆಡಿಸೋ ಮೆದುಳಿನ ಜಾಗ ಉಳಿದೋರಲ್ಲಿ ಹಿಗ್ಗಿದಷ್ಟು ಇವರಲ್ಲಿ ಹಿಗ್ಗಲಿಲ್ಲ. ಸರಿ, ಇದು ಕೆಟ್ಟ ಜೀನ್ ಅಂತ ಬರೆದಿಟ್ಬಿಡೋಣ ಅನ್ನೋ ಹೊತ್ತಿಗೆ, ವಿಯೆಟ್ನಾಂ ಯುದ್ಧದಲ್ಲಿ ತಲೆಗೆ ಪೆಟ್ಟಾದ ಸೈನಿಕರನ್ನ ನೋಡಿದ್ರೆ ಇದೇ ಮೆಥಿಯೋನಿನ್ ಇದ್ದೋರ ಯೋಚನಾಶಕ್ತಿ ಉಳಿದೋರಿಗಿಂತ ಚೆನ್ನಾಗಿ ಉಳ್ಕೊಂಡಿತ್ತು! ಈಗ ಹೇಳಿ, ನಿಮ್ಮಣ್ಣನ ರಿಪೋರ್ಟಲ್ಲಿ ಅದೇ ಮೆಥಿಯೋನಿನ್ ಬಂದ್ರೆ ಅಳೋದಾ ನಗೋದಾ.

ಇನ್ನೊಂದು ಸಿಸಿಆರ್5 ಅನ್ನೋ ಜೀನ್. ಇದ್ರಲ್ಲಿ 32 ಡಿಎನ್‌ಎ ಅಕ್ಷರ ಬಿಟ್ಟುಹೋಗಿರೋರು ಸ್ಟ್ರೋಕ್ ಆದ್ಮೇಲೆ ಉಳಿದೋರಿಗಿಂತ ಚೆನ್ನಾಗಿ ಚೇತರಿಸ್ಕೊಂಡ್ರು ಅಂತ 2019ರಲ್ಲಿ ಇಸ್ರೇಲಿನ ರೋಗಿಗಳಲ್ಲಿ ಕಂಡುಬಂತು. ಆದ್ರೆ ಹಂಗೆ ಬಿಟ್ಟುಹೋಗಿರೋದು ಯುರೋಪಿನ ಮೂಲದೋರಲ್ಲಿ ಜಾಸ್ತಿ, ನಮ್ಮ ಕಡೆ ತೀರಾ ಅಪರೂಪ. ಸಿಸಿಆರ್5 ತಡೆಯೋ ಒಂದು ಎಚ್‌ಐವಿ ಮಾತ್ರೆ ಇದೆ, ಅದನ್ನ ಸ್ಟ್ರೋಕಿಗೆ ಕೊಟ್ಟು ನೋಡೋ ಪ್ರಯತ್ನ ನಡೆದಿದೆ, ಭಾವಂಗೆ ಇದನ್ನ ಹೇಳ್ಬೇಡಿ, ನಾಳೆನೇ ಮೆಡಿಕಲ್ ಸ್ಟೋರಿಗೆ ಹೋಗ್ಬಿಟ್ಟಾರು.

ಪಕ್ಕದ ಬೆಡ್ಡಿನ ಹುಡುಗನ ವಿಷಯ. ಕೈ ಆಡಿಸೋ ಆಜ್ಞೆ ಮೆದುಳಿನ ಮೇಲ್ಪದರದಿಂದ ಹೊರಟು ನರತಂತುಗಳ ಒಂದೇ ಕಟ್ಟಲ್ಲಿ ಕೆಳಗಿಳಿದು ಕುತ್ತಿಗೆಗಿಂತ ಸ್ವಲ್ಪ ಮೇಲೆ ಇನ್ನೊಂದು ಬದಿಗೆ ದಾಟುತ್ತೆ, ಅದಕ್ಕೇ ಎಡಕ್ಕೆ ಪೆಟ್ಟು ಬಿದ್ರೆ ಬಲಗೈ ಹೋಗೋದು. ವಿಸಿ ನಾಲೆ ಇದ್ದಂಗೆ ಅನ್ಕೊಳ್ಳಿ, ಕೊನೇಲಿ ಒಂದ್ ತೂಬು ಕಿತ್ಹೋದ್ರೆ ಒಬ್ಬರ ಗದ್ದೆ ಒಣಗುತ್ತೆ, ಮೇಲೆ ನಾಲೇನೇ ಒಡೆದ್ರೆ ಊರಿಗೂರೇ ಒಣಗುತ್ತೆ. ಪೆಟ್ಟು ಎಷ್ಟು ದೊಡ್ಡದು, ಆ ನರತಂತುಗಳ ಕಟ್ಟಿಗೆ ಎಷ್ಟು ತಗುಲ್ತು ಅನ್ನೋದರ ಮುಂದೆ ಜೀನಿನ ಪಾಲು ಸಣ್ಣದು.

ನೀವು ‘ಬೆರಳು ಚೂರು ಬಿಚ್ತಾನೆ ಅಷ್ಟೆ’ ಅಂದು ಮುಂದಕ್ಕೆ ಹೋಗ್ಬಿಟ್ರಿ, ನಂಗೆ ಪತ್ರದಲ್ಲಿ ಅದೇ ಸಿಹಿಸುದ್ದಿ. ಬೆರಳು ಬಿಚ್ಚುತ್ತೆ ಅಂದ್ರೆ ನಾಲೆ ಪೂರ್ತಿ ಒಡೆದಿಲ್ಲ. ಅಂಥ ಕೈಗೇ ಅಂತ ಒಂದು ಥೆರಪಿ ಇದೆ, ಚೆನ್ನಾಗಿರೋ ಕೈಗೆ ಗೌಸು ಹಾಕಿ ಕೂರಿಸಿ, ಸೋತ ಕೈಯಲ್ಲೇ ದಿನಕ್ಕೆ ಗಂಟೆಗಟ್ಲೆ ಕೆಲ್ಸ ಮಾಡಿಸೋದು. ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾಗಿದ್ದ 222 ಜನರಲ್ಲಿ ಸುಮಾರು ಅರ್ಧ ಜನಕ್ಕೆ ಅಮೆರಿಕದಲ್ಲಿ ಇದನ್ನ ಎರಡು ವಾರ ಮಾಡಿಸಿ ನೋಡಿದ್ರು, ಒಂದು ವರ್ಷ ಆದ್ಮೇಲೂ ಅವರ ಕೈ ಉಳಿದೋರಿಗಿಂತ ಮುಂದಿತ್ತು. ತಲೆಪೆಟ್ಟಿಗೂ ಇದೇ ದಾರಿ ಹಿಡೀತಾರೆ, ನಿಮ್ಮ ಫಿಸಿಯೋ ಹತ್ರ ಕೇಳಿ.

ಅತ್ತಿಗೆಗೆ ನನ್ನದೊಂದು ವಿನಂತಿ: ತಿನ್ನಿಸೋದು ನಿಲ್ಲಿಸಿ. ಪ್ರೀತಿಯಿಂದ್ಲೇ ಮಾಡ್ತಿದೀರಿ, ಗೊತ್ತು, ಆದ್ರೆ ಕೆಲ್ಸ ಕೊಡದ ಕೈಯನ್ನ ಮೆದುಳು ಮರೀತಾ ಬರುತ್ತೆ. ಮುದ್ದೆ ಮುರಿಯೋದು, ಬೆರಳಲ್ಲೇ ಉಂಡೆ ಮಾಡೋದು, ಸಾರಿಗೆ ಅದ್ದೋದು, ಬಾಯಿಗೆ ಒಯ್ಯೋದು, ಇದಕ್ಕಿಂತ ಒಳ್ಳೆ ವ್ಯಾಯಾಮ ಯಾವ ಮೆಷಿನ್ನಲ್ಲೂ ನಾ ಕಂಡಿಲ್ಲ. ಅರ್ಧ ಮೈಮೇಲೆ ಬೀಳುತ್ತೆ, ಬೀಳ್ಲಿ. ಮುದ್ದೆ ಆರಿದ್ಯಾ ಅಂತ ಎಡಗೈಲಿ ಮುಟ್ಟಿ ನೋಡ್ಕೊಳ್ಳೋಕೆ ಹೇಳಿ, ಬಲಗೈಗೆ ಬಿಸಿ ಗೊತ್ತಾಗ್ದೇ ಇರ್ಬೋದು. ನಡೆಯುವಾಗ ಗೌಸು ಬೇಡ, ಗೋಡೆ ಹಿಡೀಬೇಕಲ್ಲ.

ಪ್ರಶ್ನೆ: ನಮ್ಮ ಅಪ್ಪಂಗೆ 58ಕ್ಕೆ ಲಕ್ವ ಹೊಡೀತು, ತಾತಂಗೂ ಆಗಿತ್ತಂತೆ. ನಂಗೆ 41. ಬರುತ್ತಾ? (ಕುವೆಂಪುನಗರ, ಮೈಸೂರು)

ಉತ್ತರ: ಮನೆಯಲ್ಲಿ ಇದ್ರೆ ಸಾಧ್ಯತೆ ಸ್ವಲ್ಪ ಜಾಸ್ತಿ ನಿಜ, ಆದ್ರೆ ವಂಶದಲ್ಲಿ ಹೆಚ್ಚಾಗಿ ಇಳಿದು ಬರೋದು ಬಿಪಿ, ಶುಗರ್ರು, ಅವೆರಡನ್ನೂ ಈ ವಾರಾನೇ ಚೆಕ್ ಮಾಡಿಸಿ. ನಾಚ್3 ಅನ್ನೋ ಜೀನ್ ಕೆಟ್ಟು ಬರೋ ಅಪರೂಪದ ಕಾಯಿಲೆ ಒಂದಿದೆ, ಅದ್ರಲ್ಲಿ ಅರೆತಲೆನೋವು, 40-50ರ ವಯಸ್ಸಲ್ಲೇ ಸ್ಟ್ರೋಕು, ಒಂದೇ ಮನೆಯಲ್ಲಿ ಸುಮಾರು ಜನಕ್ಕೆ. ನಿಮ್ಮಲ್ಲಿ ಹಾಗಿದ್ರೆ ನರರೋಗ ತಜ್ಞರಿಗೆ ಹೇಳಿ, ಜೀನ್ ಟೆಸ್ಟಿಗೆ ಅಲ್ಲಿ ಅರ್ಥ ಇದೆ.