ಮೊದಲು ಊಟ, ಆಮೇಲೆ ಪ್ರಶ್ನೆ

ಎರಡು ವರ್ಷದಲ್ಲಿ ಆಪ್ತಸಲಹೆಗೆ ನನ್ನ ಹತ್ತಿರ ಬಂದ ಮೂರನೇ ಪ್ರಕರಣ ಇದು. ಮೂವರೂ ಬೀದರಿನ ಹುಡುಗರು. ಮೂವರದೂ ಹೈದರಾಬಾದಿನ ಕಂಪನಿಗಳಲ್ಲಿ ಸೈಬರ್ ಸೆಕ್ಯುರಿಟಿ ಕೆಲಸ, ರಾತ್ರಿ ಪಾಳಿ, ಅದೂ ಮನೆಯಿಂದಲೇ. ಅದಕ್ಕೇ ಬರೆಯುತ್ತಿದ್ದೇನೆ. ಈ ಹುಡುಗನನ್ನು ಸುನೀಲ ಅನ್ನೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಅವನಿಗೆ ಓದಲು ಕೊಟ್ಟೆ, ಒಂದು ಸಾಲು ಹೊಡೆದು ಹಾಕಿ ಉಳಿದದ್ದು ಇರಲಿ ಅಂದ.

ಅವನ ಕೆಲಸ ಅಲರ್ಟ್ ನೋಡುವುದು. ಯಾರೋ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದರು, ಯಾವುದೋ ಕಂಪ್ಯೂಟರ್ ಗೊತ್ತಿಲ್ಲದ ಕಡೆಗೆ ಡೇಟಾ ಕಳಿಸುತ್ತಿದೆ, ಹೀಗೆ ರಾತ್ರಿಯಿಡೀ ಬರುತ್ತಲೇ ಇರುತ್ತವೆ. ಬಹುಪಾಲು ಸುಳ್ಳು. ಆದರೆ ತೆರೆದು ನೋಡದೆ ಸುಳ್ಳು ಅಂತ ಹೇಳುವ ಹಾಗಿಲ್ಲ. ಒಂದು ಬೆಳಗಿನ ಜಾವ ಸುನೀಲ ನಲವತ್ತು ಚಿಲ್ಲರೆ ಅಲರ್ಟ್‌ಗಳನ್ನು ಒಟ್ಟಿಗೆ ಟಿಕ್ ಮಾಡಿ ಮುಚ್ಚಿದ. ಅದರಲ್ಲಿ ಒಂದು ನಿಜವಾಗಿತ್ತು. ಎರಡು ದಿನಕ್ಕೆ ಗಿರಾಕಿ ಕಂಪನಿಯ ಫೈಲುಗಳೆಲ್ಲ ಲಾಕ್ ಆದವು, ದುಡ್ಡು ಕೊಡಿ ಅಂತ ಚೀಟಿ. ರಾನ್ಸಮ್‌ವೇರ್. ಬ್ಯಾಕಪ್ ಇತ್ತು, ಹೇಗೋ ಸುಧಾರಿಸಿಕೊಂಡರು. ಇವನಿಗೆ ಮಾತ್ರ ಅಂದಿನಿಂದ ನಿದ್ದೆ ಇಲ್ಲ.

ತಾಯಿ ಕರೆದುಕೊಂಡು ಬಂದರು. ಅಜ್ಜನ ಕಾಲದಿಂದ ಮೆಥೋಡಿಸ್ಟ್ ಕ್ರೈಸ್ತ ಸಭೆಯ ಮನೆ. ಹುಡುಗ ಮೊದಲ ದಿನವೇ ಸತ್ಯವೇದದ ಮಾತು ತೆಗೆದ. ಯೆಹೆಜ್ಕೇಲನ 33ನೇ ಅಧ್ಯಾಯ. ಕಾವಲುಗಾರ ಶತ್ರು ಬರುವುದನ್ನು ನೋಡಿಯೂ ಕೊಂಬು ಊದದಿದ್ದರೆ ಸತ್ತವರ ರಕ್ತಕ್ಕೆ ಅವನೇ ಹೊಣೆ ಅಂತ ಅಲ್ಲಿದೆ. "ಇದು ನನ್ನ ಬಗ್ಗೇನೇ ಬರದದ ಮೇಡಮ್‌ರಿ" ಅಂದ.

ನಾನು ಬಸವಕಲ್ಯಾಣದ ಕಡೆಯ ಲಿಂಗಾಯತ ಮನೆಯವಳು. ಆಪ್ತಸಲಹೆಯೊಳಗೆ ಧರ್ಮ ಯಾಕೆ ತಂದಿರಿ ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ನನ್ನನ್ನು ಕೇಳಿದರು. ನಾನೆಲ್ಲಿ ತಂದೆ? ಅವನೇ ತಂದದ್ದು. ಚಪ್ಪಲಿ ಜೊತೆ ಅದನ್ನೂ ಬಾಗಿಲ ಹೊರಗೆ ಬಿಟ್ಟು ಬಾ ಅನ್ನೋಕಾಗುತ್ತಾ? ಹುಡುಗನ ಕೈಲಿ ಇದ್ದ ಭಾಷೆ ಅದೊಂದೇ. ನಾನು ಅದರಲ್ಲೇ ಮಾತಾಡಲು ಕಲಿತೆ.

ಎರಡನೇ ಭೇಟಿಯಲ್ಲಿ ನನ್ನ ಜಾಣತನ ತೋರಿಸಲು ಹೋದೆ. "ಊರ ನಡುವೆ ಚೌಬಾರ ಇದೆಯಲ್ಲ, ಆ ಹಳೇ ಕಾವಲು ಗೋಪುರ, 71 ಅಡಿ ಎತ್ತರ. ಅದರ ಮೇಲೆ ಒಬ್ಬನೇ ಕಾವಲುಗಾರ ಒಂಬತ್ತು ರಾತ್ರಿ ಸತತವಾಗಿ ನಿಲ್ಲುತ್ತಿದ್ದನಾ? ಪಾಳಿ ಇರುತ್ತಿರಲಿಲ್ವಾ?" ಅಂದೆ. ಒಂಬತ್ತು ಅಂದಿದ್ದು ಸುಮ್ನೆ ಅಲ್ಲ, ರಜೆ ಇಲ್ಲದೆ ಅಷ್ಟು ರಾತ್ರಿ ಅವನು ಒಬ್ಬನೇ ಕೂತಿದ್ದ. ನಕ್ಕ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದಾಗಲೂ ಅಲರ್ಟ್ ಮೊದಲೇ ಬಂದಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಅಂತ ಅವನೇ ಹೇಳಿದ. ಅಂದರೆ ದಣಿದ ಕಣ್ಣಿಗೆ ಇಂಥದ್ದು ತಪ್ಪಿಹೋಗುತ್ತದೆ ಅಂತ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಮುಖ ಹಗುರಾಗಲಿಲ್ಲ. ಇನ್ನೇನೋ ಒಳಗಿದೆ ಅನಿಸಿತು.

ಮೂರನೇ ಸಲ ಬಂದಾಗ ಕೈ ನಡುಗುತ್ತಿತ್ತು. ಚಹಾ ಕೊಟ್ಟರೆ ಬೇಡ ಅಂದ. ಉಪವಾಸ. ಸಭೆಯ ಹಿರಿಯರೊಬ್ಬರು ಉಪವಾಸವಿದ್ದು ಪ್ರಾರ್ಥಿಸು ಅಂದಿದ್ದರಂತೆ. ಇವನು ನಾಲ್ಕು ದಿನದಿಂದ ರಾತ್ರಿ ಪಾಳಿ ಮಾಡುತ್ತಾ ಬರೀ ನೀರು ಕುಡಿದುಕೊಂಡಿದ್ದ. ನನಗೆ ಸಿಟ್ಟು ಬಂತು, ತೋರಿಸಲಿಲ್ಲ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದ, ಸ್ವಲ್ಪ ತಡೆದು "ಎದ್ದೇಳೋದೇ ಬ್ಯಾಡ ಅನಸ್ತದರಿ" ಅಂದ. ಆಮೇಲೆ ಹೊರಗೆ ಬಂತು.

ಆ ಅಲರ್ಟನ್ನು ಅವನು ತೆರೆದು ನೋಡಿದ್ದ. ಏನೋ ಸರಿಯಿಲ್ಲ ಅಂತ ಅನಿಸಿಯೂ ಇತ್ತು. ನಿದ್ದೆ ಎಳೆಯುತ್ತಿತ್ತು, ಉಳಿದವುಗಳ ಜೊತೆ ಮುಚ್ಚಿಬಿಟ್ಟ. ವಿಚಾರಣೆ ಕಾಲ್‌ನಲ್ಲಿ ಟೀಮ್ ಲೀಡ್ ಮೂರು ಸಲ ಕೇಳಿದರು, ಅದು ನಿನ್ನ ಕಣ್ಣಿಗೆ ಬಿದ್ದಿತ್ತಾ ಅಂತ. ಮೂರು ಸಲವೂ ಇಲ್ಲ ಅಂದ. "ನಾ ಪೇತ್ರ ಇದ್ದಂಗ್ರಿ. ಕೋಳಿ ಕೂಗೋದೊಂದೇ ಬಾಕಿ ಇತ್ತು."

ಶಿಷ್ಯ ಪೇತ್ರ ಕೋಳಿ ಕೂಗುವ ಮೊದಲು ಯೇಸುವನ್ನು ಮೂರು ಸಲ ಅರಿಯೆನೆಂದ ಕಥೆ ನನಗೂ ಗೊತ್ತಿತ್ತು. ಅದರಾಚೆ ಗೊತ್ತಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದೆ, "ಆಮೇಲೆ ಪೇತ್ರನ ಕಥೆ ಏನಾಯ್ತಪ್ಪ?"

ಅವನು ಹೇಳತೊಡಗಿದ. ಪೇತ್ರ ಮತ್ತೆ ಮೀನು ಹಿಡಿಯಲು ಹೋದ. ರಾತ್ರಿಯೆಲ್ಲ ಬಲೆ ಬೀಸಿದರೂ ಒಂದೂ ಸಿಗಲಿಲ್ಲ. ಬೆಳಗಾದಾಗ ದಡದಲ್ಲಿ ಯೇಸು ನಿಂತಿದ್ದ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಊಟ ಮಾಡಿ ಅಂದ. ಊಟ ಆದ ಮೇಲೆ, ನೀನು ನನ್ನನ್ನು ಪ್ರೀತಿಸ್ತೀಯಾ ಅಂತ ಮೂರು ಸಲ ಕೇಳಿದ. ಇಷ್ಟು ಹೇಳಿ ಸುನೀಲ ನಿಂತುಬಿಟ್ಟ. ಫ್ಯಾನ್ ಸದ್ದು ಮಾತ್ರ. ಆಮೇಲೆ ನಿಧಾನಕ್ಕೆ, "ಮೊದಲ ಉಣ್ಣಾಕ ಕೊಟ್ಟಾನ್ರಿ. ಆಮ್ಯಾಲ ಕೇಳ್ಯಾನ" ಅಂದ. ಸಣ್ಣವನಿದ್ದಾಗಿಂದ ನೂರು ಸಲ ಕೇಳಿದ ಕಥೆ, ಆ ಕ್ರಮ ಅವನ ಗಮನಕ್ಕೆ ಬಂದಿದ್ದು ಆವತ್ತೇ. ತಣ್ಣಗಾಗಿದ್ದ ಚಹಾ ಎತ್ತಿಕೊಂಡ.

ನನ್ನ ಸಲಹೆಯೂ ಅದೇ ಕ್ರಮದಲ್ಲಿತ್ತು. ಉಪವಾಸ ಇವತ್ತೇ ಬಿಡು. ನಿದ್ದೆಗೆ ಮನೋವೈದ್ಯರನ್ನು ನೋಡು, ಚೀಟಿ ಬರೆದುಕೊಟ್ಟೆ. ನಡುರಾತ್ರಿ ಎದೆ ಒತ್ತಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು. ಮೂರು ರಾತ್ರಿ ರಜೆ ಹಾಕಿ ಮಲಗು. ಅದಾದ ಮೇಲೆ ಟೀಮ್ ಲೀಡ್‌ಗೆ ನಿನ್ನ ಮಾತಿನಲ್ಲೇ ಬರೆ: ನೋಡಿದ್ದೆ, ದಣಿದಿದ್ದೆ, ಮುಚ್ಚಿದೆ, ಕೇಳಿದಾಗ ಸುಳ್ಳು ಹೇಳಿದೆ.

ಕೆಲಸ ಹೋಗಬಹುದು ಅಂತಲೂ ಹೇಳಿದೆ. ಇಂಥ ಸಲಹೆ ಕೊಡುವುದು ನಿಮಗೆ ಸುಲಭ ಅಂತ ಯಾರಾದರೂ ಬೈದರೆ ಬೈಯಲಿ. ಆದರೆ ಅವನ ಸುಳ್ಳಿನಿಂದ ಏನಾಗಿತ್ತು ನೋಡಿ. ಅಲರ್ಟ್ ಯಾರ ಕಣ್ಣಿಗೂ ಬೀಳಲಿಲ್ಲ ಅಂದುಕೊಂಡು ಕಂಪನಿ ಸಾಫ್ಟ್‌ವೇರ್ ಬದಲಿಸಲು ಹೊರಟಿತ್ತು. ಒಬ್ಬನನ್ನೇ ಒಂಬತ್ತು ರಾತ್ರಿ ಕೂರಿಸಿದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಇವನು ಬಾಯಿ ಬಿಡದಿದ್ದರೆ ನಾಳೆ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಹುಡುಗ ತೂಕಡಿಸುತ್ತಾನೆ. "ನಿನ್ನ ಯೆಹೆಜ್ಕೇಲ ಹೇಳಿದ ಕೊಂಬು ಇನ್ನೂ ನಿನ್ನ ಕೈಲೇ ಇದೆಯಲ್ಲೋ" ಅಂದೆ. ಇದು ನನ್ನ ಜಾಣತನವೇ, ಒಪ್ಪುತ್ತೇನೆ. ಈ ಸಲ ನಾಟಿತು.

ಪ್ರಾರ್ಥನೆ ಬೇಡ ಅಂತ ನಾನು ಯಾರಿಗೂ ಹೇಳಿಲ್ಲ. ಹಿರಿಯರಿಗೂ ಫೋನಿನಲ್ಲಿ ಇದನ್ನೇ ಹೇಳಿದೆ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳಲು ಹುಡುಗ ಉಪವಾಸ ಹಿಡಿದಿದ್ದಾನೆ, ಅದನ್ನು ಬಿಡಿಸಿ ಅಂದೆ. ಕೀರ್ತನೆ 127ರಲ್ಲೇ ಇದೆಯಲ್ಲ ಅಂತ ಅವರೇ ನೆನಪಿಸಿಕೊಂಡರು: ಕರ್ತನು ಊರು ಕಾಯದಿದ್ದರೆ ಕಾವಲುಗಾರ ಎಚ್ಚರವಿದ್ದೂ ವ್ಯರ್ಥ, ತನಗೆ ಪ್ರಿಯರಾದವರಿಗೆ ಆತ ನಿದ್ದೆ ಕೊಡುತ್ತಾನೆ. ಮರುದಿನ ಅವರೇ ಮನೆಗೆ ಹೋಗಿ ಅವನ ಜೊತೆ ಕೂತು ಉಂಡು ಬಂದರಂತೆ. ನನ್ನ ಸಿಟ್ಟು ಇಳಿಯಿತು.

ಸುನೀಲ ಬರೆದ. ಬರೆಯಲು ಮೂರಲ್ಲ, ಹನ್ನೊಂದು ದಿನ ತಗೊಂಡ. ಆ ವರ್ಷದ ಬೋನಸ್ ಹೋಯಿತು, ಕೆಲಸ ಉಳಿಯಿತು. ಈಗ ರಾತ್ರಿ ಪಾಳಿಗೆ ಇಬ್ಬರು. ಒಟ್ಟಿಗೆ ಮುಚ್ಚುವ ಬಟನ್ ಮಾತ್ರ ಇನ್ನೂ ಹಾಗೇ ಇದೆಯಂತೆ.

ಹೋದ ಭಾನುವಾರ ತಾಯಿ ಫೋನ್ ಮಾಡಿದರು. ಚರ್ಚಿನಿಂದ ಬಂದವನು ಮಲಗಿದ್ದಾನೆ, ನಾಲ್ಕು ಗಂಟೆಯಾಯಿತು, ಎಬ್ಬಿಸಲಾ ಅಂತ. ಎಬ್ಬಿಸಬೇಡಿ, ರೊಟ್ಟಿ ಮುಚ್ಚಿಡಿ ಅಂದೆ.